ದೂರದ ಹೊಡೆತ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ – ಕ್ರೀಡೆ

ಪ್ರಶ್ನೆ: ನಾನು ನಿವೃತ್ತ ದೈಹಿಕ ಶಿಕ್ಷಕ. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್‌ನವರು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ದಿನಾ ಬೆಳಿಗ್ಗೆ ಹತ್ತು ಹದಿನೈದು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ನಮ್ಮ ಕಾಲದಲ್ಲಿ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಹೊರಗೆ ಚೆಂಡು ಸಿಕ್ಕಿಯೂ ಗೋಲಿನ ಕಡೆಗೆ ಬೀಸಿ ಒದೆಯದವನನ್ನು ಪುಕ್ಕಲ ಎನ್ನುತ್ತಿದ್ದೆವು. ಈಗ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡಲು ಕುಳಿತರೆ, ಎದುರಿಗೆ ಯಾರೂ ಇಲ್ಲದಿದ್ದರೂ ಆಟಗಾರ ಚೆಂಡನ್ನು ಪಕ್ಕದವನಿಗೆ ಕೊಟ್ಟು ಸುಮ್ಮನಾಗುತ್ತಾನೆ. "ಅಜ್ಜ, ಅಲ್ಲಿಂದ ಹೊಡೆದರೆ ಎಕ್ಸ್‌ಜಿ ಕಡಿಮೆ" ಎಂದು ಮೊಮ್ಮಗ ನನಗೇ ಪಾಠ ಹೇಳುತ್ತಾನೆ. ಏನಿದು ಲೆಕ್ಕ? ನನ್ನ ಹುಡುಗರಿಗೂ ದೂರದಿಂದ ಹೊಡೆಯಬೇಡಿ ಎನ್ನಬೇಕೆ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮಾನ್ಯರೆ, ತಾವು ಗಮನಿಸಿದ್ದು ನಿಜ. ಇಪ್ಪತ್ತು ವರ್ಷಗಳ ಹಿಂದೆ ಪ್ರೀಮಿಯರ್ ಲೀಗ್‌ನಲ್ಲಿ ಗೋಲಿನತ್ತ ಹೋಗುತ್ತಿದ್ದ ಹೊಡೆತಗಳಲ್ಲಿ ಸುಮಾರು ಅರ್ಧದಷ್ಟು ಬಾಕ್ಸ್ ಹೊರಗಿನವಾಗಿದ್ದವು. ಈಗ ಅವು ಮೂರರಲ್ಲೊಂದು ಪಾಲಿಗೆ ಇಳಿದಿವೆ. ಆಟಗಾರರ ಕಾಲಿನ ಕಸುವು ಕುಂದಿದ್ದರಿಂದ ಹೀಗಾಗಿಲ್ಲ; ಯಾವ ಹೊಡೆತ ವ್ಯರ್ಥ, ಯಾವುದು ವ್ಯರ್ಥವಲ್ಲ ಎಂಬ ಎಣಿಕೆ ಬದಲಾಗಿದೆ.

ತಮ್ಮ ಮೊಮ್ಮಗ ಹೇಳುವ ಎಕ್ಸ್‌ಜಿ ಎಂದರೆ 'ನಿರೀಕ್ಷಿತ ಗೋಲು'. ಹಿಂದೆ ನಡೆದ ಸಾವಿರಾರು ಪಂದ್ಯಗಳ ಹೊಡೆತಗಳನ್ನು ಕಲೆಹಾಕಿ, ಇಂಥ ಜಾಗದಿಂದ, ಇಂಥ ಕೋನದಿಂದ ಹೊಡೆದರೆ ನೂರಕ್ಕೆ ಎಷ್ಟು ಗೋಲಾಗುತ್ತವೆ ಎಂದು ಅಂದಾಜಿಸುವ ಕ್ರಮವಿದು. ಪೆನಾಲ್ಟಿ ಕಿಕ್‌ಗೆ ಈ ಅಂದಾಜು ನೂರಕ್ಕೆ ಎಪ್ಪತ್ತೈದಕ್ಕಿಂತ ತುಸು ಹೆಚ್ಚು. ಬಾಕ್ಸ್ ಹೊರಗಿನ ಹೊಡೆತಕ್ಕಾದರೋ ಸರಾಸರಿ ಮೂರು ಅಥವಾ ನಾಲ್ಕು ಮಾತ್ರ. ಗೋಲಿನ ಅಗಲ 7.32 ಮೀಟರ್. ಪೆನಾಲ್ಟಿ ಗುರುತಿನಲ್ಲಿ, ಅಂದರೆ 11 ಮೀಟರ್ ದೂರದಲ್ಲಿ ನಿಂತವನ ಕಣ್ಣಿಗೆ ಅದು ಸುಮಾರು 37 ಡಿಗ್ರಿಯಷ್ಟು ತೆರೆದಿರುತ್ತದೆ. 25 ಮೀಟರಿಗೆ ಸರಿದರೆ 17 ಡಿಗ್ರಿಗೆ ಕಿರಿದಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದರೂ ಚೆಂಡು ಅಲ್ಲಿಂದ ಗೋಲು ಮುಟ್ಟಲು ಸುಮಾರು 0.9 ಸೆಕೆಂಡು ಹಿಡಿಯುತ್ತದೆ. ಒಳ್ಳೆಯ ಗೋಲ್‌ಕೀಪರ್ ಹಾರಿ ಬೆರಳು ತಾಗಿಸಲು ಅಷ್ಟು ಸಾಕು. ಇನ್ನು ದಾರಿಯಲ್ಲಿ ಎದುರಾಳಿಗಳ ಎಂಟೋ ಒಂಬತ್ತೋ ಜೊತೆ ಕಾಲುಗಳಿರುತ್ತವೆ. ಮೊದಲು ಡಿಫೆಂಡರ್‌ಗಳು ಮೈದಾನದ ತುಂಬ ಹರಡಿಕೊಳ್ಳುತ್ತಿದ್ದರು. ಈಗ ಇಡೀ ತಂಡವೇ ಎರಡು ಸಾಲಾಗಿ ಬಾಕ್ಸ್ ಮುಂದೆ ಒತ್ತಾಗಿ ನಿಲ್ಲುವುದರಿಂದ ಚೆಂಡು ಯಾರದೋ ಮೊಣಕಾಲಿಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ದಾಳಿಗೆಂದು ಮುಂದೆ ಬಂದವರೆಲ್ಲ ತಮ್ಮ ಗೋಲು ಕಾಯಲು ತಿರುಗಿ ಓಡಬೇಕಾಗುತ್ತದೆ. ಕೋಚ್‌ಗಳಿಗೆ ನಿಜವಾಗಿ ಅಂಜಿಕೆಯಿರುವುದು ತಪ್ಪಿಹೋದ ಗೋಲಿನ ಬಗ್ಗೆ ಅಲ್ಲ, ಹೀಗೆ ಕೈತಪ್ಪುವ ಚೆಂಡಿನ ಬಗ್ಗೆ. ಕೋಚ್ ಪೆಪ್ ಗಾರ್ಡಿಯೋಲಾ ಅವರ ಬಾರ್ಸಿಲೋನಾ ತಂಡ 2008ರಿಂದ ನಾಲ್ಕು ವರ್ಷ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಗೆದ್ದ ಮೇಲೆ ಈ ಅಂಜಿಕೆಗೆ ಸಿದ್ಧಾಂತದ ಮರ್ಯಾದೆಯೂ ಬಂತು.

ಹಾಗೆಂದು ಮೊಮ್ಮಗನ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಾರೆ. ನೂರಕ್ಕೆ ಮೂರು ಎಂಬುದನ್ನು ನೂರಕ್ಕೆ ನೂರರ ಜೊತೆ ಹೋಲಿಸುವುದು ಸರಿಯಲ್ಲ. ಅಲ್ಲಿ ಹೊಡೆಯದೆ ಪಾಸು ಕೊಟ್ಟಿದ್ದರೆ ಆ ದಾಳಿ ಗೋಲಾಗುವ ಸಾಧ್ಯತೆ ಎಷ್ಟಿತ್ತು ಎಂಬುದರ ಜೊತೆ ಹೋಲಿಸಬೇಕು. ಎಷ್ಟೋ ಸಲ ಆ ಪಾಸುಗಳ ಸರಮಾಲೆ ಮೂಲೆಯಲ್ಲೆಲ್ಲೋ ಕಡಿದುಹೋಗುವುದನ್ನು ತಾವೂ ಕಂಡಿರುತ್ತೀರಿ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಬಾಕ್ಸ್ ಹೊರಗಿನ ಕೆಲವು ಜಾಗಗಳಿಂದ ಇನ್ನಷ್ಟು ಸಲ ಹೊಡೆದಿದ್ದರೆ ಕೆಲವು ತಂಡಗಳಿಗೆ ಲಾಭವೇ ಆಗುತ್ತಿತ್ತು ಎಂದು ತೋರಿಸಿದ್ದಾರೆ. ಅದಲ್ಲದೆ, ಹೊಡೆದಾನು ಎಂಬ ಭಯವೇ ಒಬ್ಬ ಡಿಫೆಂಡರ್‌ನನ್ನು ಸಾಲು ಬಿಟ್ಟು ಮುಂದೆ ಬರುವಂತೆ ಮಾಡುತ್ತದೆ. ಅವನು ಬಿಟ್ಟುಬಂದ ಜಾಗವೇ ಮುಂದಿನ ಪಾಸಿಗೆ ಬಾಗಿಲು. ಪ್ರೀಮಿಯರ್ ಲೀಗ್‌ನ ತಮ್ಮ 177 ಗೋಲುಗಳಲ್ಲಿ 41ನ್ನು ಬಾಕ್ಸ್ ಹೊರಗಿನಿಂದಲೇ ಹೊಡೆದ ಚೆಲ್ಸಿಯ ಮಿಡ್‌ಫೀಲ್ಡರ್ ಫ್ರ್ಯಾಂಕ್ ಲ್ಯಾಂಪಾರ್ಡ್ ಚೆಂಡು ಹಿಡಿದು ತಲೆ ಎತ್ತಿದರೆ, ಎದುರಿಗಿದ್ದವನಿಗೆ ನಿಂತಲ್ಲಿ ನಿಲ್ಲುವ ಧೈರ್ಯ ಎಲ್ಲಿಂದ ಬರಬೇಕು? ಯಾರೂ ಹೊಡೆಯುವುದಿಲ್ಲ ಎಂದು ಗೊತ್ತಾದರೆ ಸಾಲು ಕದಲುವುದೇ ಇಲ್ಲ.

ಇದರ ಇನ್ನೊಂದು ಮಗ್ಗುಲನ್ನು 2019ರ ಮೇ 6ರ ರಾತ್ರಿ ಮ್ಯಾಂಚೆಸ್ಟರಿನಲ್ಲಿ ಕಂಡೆವು. ('ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ಊರಿನವರಾದ ತಮಗೆ ಆ ಹೆಸರು ಹೊಸದಲ್ಲ.) ಲೆಸ್ಟರ್ ವಿರುದ್ಧ ಗೋಲಿಲ್ಲದೆ 70 ನಿಮಿಷ ಕಳೆದಿತ್ತು. ಮ್ಯಾಂಚೆಸ್ಟರ್ ಸಿಟಿ ತಂಡದ ನಾಯಕ, ಡಿಫೆಂಡರ್ ವಿನ್ಸೆಂಟ್ ಕೊಂಪನಿ ಚೆಂಡನ್ನು ತಳ್ಳಿಕೊಂಡು ಮುಂದೆ ಬಂದರು; ಇವರು ಹೊಡೆಯುವವರಲ್ಲ ಎಂಬ ನಂಬಿಕೆಯಿಂದ ಲೆಸ್ಟರಿನ ಯಾರೂ ಮೇಲೇರಿ ಬರಲಿಲ್ಲ. ಹೊಡೆಯಬೇಡ ಎಂದು ಸಹ ಆಟಗಾರರೇ ಕೂಗಿದ್ದರಂತೆ, ಆಗ ಸಿಟಿಯ ಕೋಚ್ ಆಗಿದ್ದ ಗಾರ್ಡಿಯೋಲಾ ಮನಸ್ಸಿನಲ್ಲೂ ಅದೇ ಇತ್ತಂತೆ. ಚೆಂಡು ಮಾತ್ರ ಬಲಮೂಲೆಯ ಮೇಲ್ತುದಿಗೆ ಹೋಗಿ ನೆಟ್ಟಿತು. ಆ ಪಂದ್ಯ 1–0. ಲೀಗ್ ಮುಗಿದಾಗ ಸಿಟಿಗೆ 98 ಅಂಕ, ಲಿವರ್‌ಪೂಲ್‌ಗೆ 97; ಒಂದೇ ಅಂಕದಿಂದ ಸಿಟಿ ಚಾಂಪಿಯನ್. ಎದುರಿನ ಸಾಲು ಕದಲದೆ ನಿಂತಾಗ ಅಷ್ಟು ಜಾಗ ಸಿಕ್ಕಿತು ಎಂಬುದೇ ಇಲ್ಲಿನ ಮುಖ್ಯ ಸಂಗತಿ.

ಇನ್ನು ತಮ್ಮ ಹುಡುಗರ ಮಾತು. ಇಂಗ್ಲೆಂಡಿನ ಅಂಕಿಗಳು ಆರಡಿ ಮೇಲಿನ ವೃತ್ತಿಪರ ಗೋಲ್‌ಕೀಪರ್‌ಗಳ ಎದುರು, ಹಾಸಿದಂತಿರುವ ಹುಲ್ಲಿನ ಮೇಲೆ ಹುಟ್ಟಿದವು. ಹದಿಮೂರು ವರ್ಷದ ಗೋಲ್‌ಕೀಪರ್‌ಗೆ ಮೇಲಿನ ಅಡ್ಡಪಟ್ಟಿ, ಅಂದರೆ 2.44 ಮೀಟರ್, ಹಾರಿದರೂ ಎಟುಕುವುದು ಕಷ್ಟ. ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿದು ಯಾವ ಕಡೆ ತಿರುಗುವುದೋ ಹೇಳಲಾಗದು. ಆದ್ದರಿಂದ ಆ ನೂರಕ್ಕೆ ಮೂರನ್ನು ಹೈಸ್ಕೂಲ್ ಮೈದಾನಕ್ಕೆ ಯಥಾವತ್ತಾಗಿ ತರಬೇಡಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ, ನಮ್ಮ ಮೂರನೆಯ ಗೋಲು ರಾಬಿನ್ ಯಾದವ್ ಹೊಡೆದ ಫ್ರೀಕಿಕ್‌ನಿಂದ ಬಂದಿತ್ತು. ದೂರದಿಂದ ಗುರಿಯಿಟ್ಟು ಹೊಡೆಯಬಲ್ಲ ಕಾಲೊಂದು ತಂಡದಲ್ಲಿರಲೇಬೇಕು. ಆದರೆ ಕಂಡಲ್ಲಿ ಬೀಸುವ ಚಟವನ್ನು ಬಿಡಿಸಿ. ಗೋಲಿನಿಂದ 16.5 ಮೀಟರ್ ದೂರಕ್ಕೆ ಸುಣ್ಣದ ಗೆರೆ ಎಳೆದು, ಅದರಾಚೆ ಐದಾರು ಹೆಜ್ಜೆಯೊಳಗೆ, ಗೋಲಿನ ನೇರದಲ್ಲಿ, ಎದುರಿಗೆ ಎರಡು ಮಾರು ತೆರವಿದ್ದರೆ ಮಾತ್ರ ಹೊಡೆಯಲಿ. ಪಕ್ಕದ ಗೆರೆಯ ಬಳಿಯಿಂದ ಬೀಸುವವನಿಗೆ ಮೈದಾನಕ್ಕೆ ಒಂದು ಸುತ್ತು ಓಡಿಸಿದರೂ ತಪ್ಪಿಲ್ಲ.

ಪ್ರಶ್ನೆ: ನಾನು ಕಾಲೇಜು ತಂಡದ ಗೋಲ್‌ಕೀಪರ್. ದೂರದ ಹೊಡೆತ ಕಡಿಮೆಯಾಗಲು ಈಗಿನ ಚೆಂಡು ಕಾರಣವೆಂದು ಗೆಳತಿ ವಾದಿಸುತ್ತಾಳೆ. ಹೌದೆ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇಲ್ಲ, ಚೆಂಡು ಹೊಡೆಯುವವರ ಪರವಾಗಿಯೇ ಬದಲಾಗಿದೆ. ಹಳೆಯ ಚೆಂಡಿಗೆ 32 ತುಂಡುಗಳಿದ್ದವು. 2010ರ ವಿಶ್ವಕಪ್ಪಿನ 'ಜಬುಲಾನಿ'ಗೆ ಎಂಟೇ. ಮೈ ನುಣುಪಾಗಿ ಹೊಲಿಗೆಯ ಗೆರೆ ಕಡಿಮೆಯಾದಷ್ಟೂ ತಿರುಗದೆ ಬರುವ ಚೆಂಡು ಗಾಳಿಯಲ್ಲಿ ಓಲಾಡುತ್ತದೆ. ಅದನ್ನು ಪಳಗಿಸಿಕೊಂಡ ಉರುಗ್ವೆಯ ಡಿಯಾಗೋ ಫೋರ್ಲಾನ್ ಆ ಕೂಟದ ತಮ್ಮ ಐದು ಗೋಲುಗಳಲ್ಲಿ ಮೂರನ್ನು ಬಾಕ್ಸ್ ಹೊರಗಿನಿಂದ ಹೊಡೆದರು. ತಿರುಗದೆ ಬರುವ ಅಂಥ ಚೆಂಡನ್ನು ಹಿಡಿಯಲು ಹೋಗದೆ ಎರಡೂ ಅಂಗೈಗಳಿಂದ ಪಕ್ಕಕ್ಕೆ ತಳ್ಳಿ. ಎದೆಯ ಮುಂದಕ್ಕೆ ಬಿಟ್ಟರೆ ಓಡಿಬಂದವನಿಗೆ ಆರು ಹೆಜ್ಜೆಯ ಗೋಲು ಸಿಗುತ್ತದೆ.