ಲೀಗ್‌ನಲ್ಲಿ 3ನೇ ಸ್ಥಾನ, ವೆಂಬ್ಲಿಯ ಫೈನಲ್‌ನಲ್ಲಿ 1-1. ಆದರೂ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೂಟನ್ ಟೌನ್ ಪ್ರೀಮಿಯರ್ ಲೀಗ್‌ಗೆ ಹೋಗಿದ್ದು ಹೇಗೆ?

ನಿಮ್ಮ ತಖ್ತೆಯಲ್ಲಿ ಈ ಲೆಕ್ಕ ಕೂಡುತ್ತಿಲ್ಲ ಎಂದು ಕೇಳಿದ್ದೀರಿ. ಆ ತಖ್ತೆ ನಾನು ನೋಡಿಲ್ಲ, ಆದರೆ ಬಹುಶಃ ಲೀಗ್ ಅಂಕಪಟ್ಟಿಯಿಂದಷ್ಟೇ ಮಾಡಿದ್ದೀರಿ. ಪ್ಲೇಆಫ್, ಅಂದರೆ ಲೀಗ್ ಮುಗಿದ ಮೇಲೆ ಬಡ್ತಿಗಾಗಿ ನಡೆಯುವ ಪಂದ್ಯಗಳು, ಅದರಲ್ಲಿ ಸೇರುವುದಿಲ್ಲ. 2022-23ರ ಚಾಂಪಿಯನ್‌ಶಿಪ್‌ನಲ್ಲಿ (ಪ್ರೀಮಿಯರ್ ಲೀಗ್‌ಗಿಂತ ಒಂದು ಹಂತ ಕೆಳಗಿನ ಲೀಗ್) ನೇರ ಬಡ್ತಿ ಸಿಕ್ಕಿದ್ದು ಬರ್ನ್ಲಿ, ಶೆಫೀಲ್ಡ್ ಯುನೈಟೆಡ್ ಎರಡಕ್ಕೇ. ಉಳಿದ ಒಂದು ಜಾಗಕ್ಕೆ 3ರಿಂದ 6ನೇ ಸ್ಥಾನದವರು ಸೆಣಸಬೇಕು.

ಮೊದಲು ಸೆಮಿಫೈನಲ್ ಸೇರಿಸಿ: 80 ಅಂಕದ ಲೂಟನ್, ಸಂಡರ್‌ಲ್ಯಾಂಡ್ ತಂಡದೆದುರು ಅವರ ಊರಲ್ಲಿ 1-2 ಸೋತು ತವರಿನಲ್ಲಿ 2-0 ಗೆದ್ದಿತು. ಎರಡೂ ಕೂಡಿಸಿದರೆ 3-2. ಇನ್ನೊಂದು ಸೆಮಿಯಿಂದ ಕವೆಂಟ್ರಿ ಬಂತು.

ಆಮೇಲೆ ಮೇ 27ರ ಫೈನಲ್. ನೀವು ಹಾಕಿರುವ 1-1 ಸರಿಯೇ, ಹಾಗೇ ಬಿಡಿ. ಲೂಟನ್ ಗೆದ್ದು ಬಡ್ತಿ ಪಡೆದಿದ್ದು ಪೆನಾಲ್ಟಿ ಶೂಟೌಟ್‌ನಲ್ಲಿ; ಆ 6-5 ಅನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಗೋಲಿನ ಲೆಕ್ಕಕ್ಕೆ ಸೇರಿಸಬೇಡಿ. ಲೂಟನ್ ನಾಯಕ ಲಾಕಿಯರ್ ಶುರುವಿನಲ್ಲೇ ಮೈದಾನದಲ್ಲಿ ಕುಸಿದು ಆಸ್ಪತ್ರೆ ಸೇರಿದ ಪಂದ್ಯವದು. ಅಂಥ ಹೊತ್ತಲ್ಲೂ ಲೂಟನ್‌ನವರು ಆರಕ್ಕೆ ಆರೂ ಪೆನಾಲ್ಟಿ ಗೋಲು ಮಾಡಿದರು. ಕವೆಂಟ್ರಿಯ ಆರನೆಯದು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. 2014ರವರೆಗೆ ಇಂಗ್ಲೆಂಡ್ ಫುಟ್‌ಬಾಲ್‌ನ ಐದನೇ ಹಂತದ ಲೀಗ್‌ನಲ್ಲಿದ್ದ ಕ್ಲಬ್ ಲೂಟನ್, ಆ ಸಾಲನ್ನೂ ಖಂಡಿತ ಹಾಕಿ.

ಮ್ಯಾನೇಜರ್ ಕಾಲಂ ಇದ್ದರೆ 2022ರ ನವೆಂಬರ್‌ವರೆಗೆ ನೇಥನ್ ಜೋನ್ಸ್, ಅದೇ ತಿಂಗಳಿಂದ ರಾಬ್ ಎಡ್ವರ್ಡ್ಸ್.