ಗಿಟಾರ್ ತಂತಿ ಬದಲಿಸಲು ಬ್ಯಾಟರಿ ವೈಂಡರ್ ತಗೊಳ್ಳಲಾ, ಕೈಯಲ್ಲಿ ತಿರುಗಿಸುವುದೇ ಸಾಕಾ?

ಇರುವುದು ಒಂದೇ ಗಿಟಾರ್, ಆರು ತಂತಿ ಬದಲಿಸಲು ಒಂದು ಗಂಟೆ, ಬೆರಳು ನೋವು, ಅದಕ್ಕೇ ತಂತಿ ಬಿಗಿಯುವ ಕೀಯನ್ನು ತಾನೇ ತಿರುಗಿಸುವ ಬ್ಯಾಟರಿ ವೈಂಡರ್ ನೋಡುತ್ತಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಹೀಗೇ ಲೆಕ್ಕ ಹಾಕಿದವನು. ಬ್ಯಾಟರಿ ವೈಂಡರ್ ತರಿಸುವಷ್ಟೂ ತಾಳ್ಮೆ ಇರಲಿಲ್ಲ, ಸೀದಾ ಡ್ರಿಲ್ಲಿಗೇ ಕೈ ಹಾಕಿದೆ.

ನಮ್ಮ ಮನೆ ಕಾಸರಗೋಡಿನ ಕುಂಬಳೆಯಲ್ಲಿ. ಚಿಕ್ಕಪ್ಪನ ಮಗಳ ಮದುವೆಗೆ ಮುಂಚಿನ ಮದರಂಗಿ ಮರುದಿನ ಸಂಜೆ, ಅಲ್ಲಿ ನಾಲ್ಕು ಹಾಡಿಗೆ ನಾನು ಗಿಟಾರ್ ಬಾರಿಸಬೇಕಿತ್ತು. ಮಳೆಗಾಲ ಆಗಷ್ಟೇ ಮುಗಿದಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು, ಮೇಲಿಂದ ಸಮುದ್ರದ ಉಪ್ಪುಗಾಳಿ. ತಂತಿಯ ಮೇಲೆ ಬೆರಳು ಜಾರಿಸಿದರೆ ಕಂದು ಪುಡಿ ಅಂಟುತ್ತಿತ್ತು. ರಾತ್ರಿ ಊಟ ಮುಗಿಸಿ ಹೊಸ ತಂತಿ ಹಾಕಲು ಚಾವಡಿಯಲ್ಲಿ ಕೂತೆ.

ಭಾವನಿಗೆ ವೈರಿಂಗ್ ಕೆಲಸ. ನಾನು ಕೀಯನ್ನು ಅರ್ಧರ್ಧ ಸುತ್ತು ತಿರುಗಿಸುವುದನ್ನು ಸ್ವಲ್ಪ ಹೊತ್ತು ನೋಡಿದರು. "ಎಂಥದು ಮಾರಾಯ, ಹೀಗೆ ಮಾಡಿದ್ರೆ ನಿಂಗೆ ಬೆಳಗಾಗ್ತದೆ. ನನ್ನ ಮಿಷನ್ ಉಂಟಲ್ಲ" ಅಂದರು. ವೈರಿಂಗ್ ಪೈಪಿನ ಒಂದು ತುಂಡು, ಅದರ ಬಾಯಿಗೆ ಗರಗಸದಲ್ಲಿ ಎರಡು ಸೀಳು, ಹಿಂದಿನ ಮುಚ್ಚಳಕ್ಕೆ ಒಂದು ಬೋಲ್ಟ್, ನಟ್ಟು. ಹತ್ತು ನಿಮಿಷದಲ್ಲಿ ವೈಂಡರ್ ರೆಡಿ. ಕೀಗೆ ಸರಿಯಾಗಿ ಕೂತಿತು ಕೂಡಾ. ಇಬ್ಬರಿಗೂ ಭಾರೀ ಖುಷಿ.

ದಪ್ಪ ಇ ತಂತಿ ಶ್ರುತಿಗೆ ಬಂತು. ಎ ಬಂತು. ಡಿ ತಂತಿಗೆ ಹೋಗುವಾಗ ನನಗೆ ಧೈರ್ಯ ಜಾಸ್ತಿಯಾಗಿತ್ತು. ಟ್ರಿಗರ್ ಪೂರ್ತಿ ಒತ್ತಿದೆ. ಸಡಿಲ ತಂತಿ ಸರ್ರನೆ ಸುತ್ತಿಕೊಂಡಿತು, ಆಮೇಲೆ ಒಮ್ಮೆ ಕುಂಯ್ ಅಂತ ಶಬ್ದ ಏರಿತು, ಕರಕರ ಅಂತ ಏನೋ ಅರೆದ ಹಾಗಾಯಿತು. ಬಿಟ್ಟು ನೋಡಿದರೆ ಕೀ ಸುಮ್ನೆ ತಿರುಗುತ್ತಿದೆ, ತಂತಿ ಜೋತು ಬಿದ್ದಿದೆ. ಗೇರಿನ ಹಲ್ಲು ನಾಲ್ಕೈದು ಸವೆದು ನುಣ್ಣಗಾಗಿತ್ತು.

ಆಗಿದ್ದೇನು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸಾಧಾರಣ ಗಿಟಾರಿನ ಗೇರು 14ಕ್ಕೆ 1 ಇರುತ್ತದೆ. ಕೀ 14 ಸುತ್ತು ತಿರುಗಿದರೆ ತಂತಿ ಸುತ್ತುವ ಕಂಬ ಒಂದು ಸುತ್ತು. ಎರಡು ಬೆರಳಿನ ಬಲಕ್ಕೆ ಉಕ್ಕಿನ ತಂತಿ ಬಿಗಿಯಾಗಲಿ ಅಂತಲೇ ಈ ವ್ಯವಸ್ಥೆ. ಬೆರಳಿನ ಬಲವನ್ನು ಹೆಚ್ಚಿಸುವ ಅದೇ ಗೇರು ಡ್ರಿಲ್ಲಿನ ಬಲವನ್ನೂ ಹೆಚ್ಚಿಸುತ್ತದೆ, ಅಲ್ವಾ? ಭಾವನ ಡ್ರಿಲ್ಲಿನ ಮೇಲಿನ ಸ್ವಿಚ್ 2ರಲ್ಲಿತ್ತು, ಅಂದರೆ ವೇಗದ ಗೇರು. ನಿಮಿಷಕ್ಕೆ 1400 ಸುತ್ತು ಅಂತ ಹಿಡಿಯಿರಿ. ಹದಿನಾಲ್ಕರಿಂದ ಭಾಗಿಸಿದರೆ ಕಂಬ ನಿಮಿಷಕ್ಕೆ 100 ಸುತ್ತು, ಸೆಕೆಂಡಿಗೆ ಒಂದೂವರೆಗಿಂತ ಜಾಸ್ತಿ. ಸಡಿಲು ಪೂರ್ತಿ ಹೋದ ಮೇಲೆ ಶ್ರುತಿಗೆ ಬರಲು ತಂತಿಗೆ ಒಂದು ಸುತ್ತೂ ಬೇಡ. ಕಿವಿ ಕೇಳಿ, ತಲೆಗೆ ಹೊಳೆದು, ಬೆರಳು ಟ್ರಿಗರ್ ಬಿಡುವಷ್ಟರಲ್ಲಿ ಶ್ರುತಿ ದಾಟಿ ಎಲ್ಲಿಗೋ ಹೋಗಿರುತ್ತದೆ. ಇನ್ನೊಂದು, ಡ್ರಿಲ್ಲಿನ ಮೂತಿಯ ಹಿಂದೆ ನಂಬರ್ ಇರುವ ಬಳೆ ಇದೆಯಲ್ಲ, ಸ್ಕ್ರೂ ಬಿಗಿಯಾದ ಕೂಡಲೇ ಕಟಕಟ ಅಂತ ಬಿಟ್ಟುಕೊಡುವುದು, ಅದು ನಂಬರಿನಲ್ಲಿರಲಿಲ್ಲ. ಗೋಡೆ ಕೊರೆಯುವ ಗುರುತಿನಲ್ಲಿತ್ತು. ಬೆಳಿಗ್ಗೆ ಯಾರದೋ ಗೋಡೆ ಕೊರೆದು ಬಂದ ಮಿಷನ್ ಅದು. ನಾನು ನೋಡಲೇ ಇಲ್ಲ. ತೆಳು ತಂತಿಯಾಗಿದ್ದರೆ ಅದೇ ತುಂಡಾಗಿ ಅಲ್ಲಿಗೆ ಮುಗಿಯುತ್ತಿತ್ತು. ಡಿ ತಂತಿ ತಡೆದುಕೊಂಡಿತು, ಗೇರು ಸೋತಿತು.

ಕಡಿಮೆ ಬೆಲೆಯ ಗಿಟಾರಿನಲ್ಲಿ ಮೂರು ಕೀ ಒಂದೇ ಲೋಹದ ಪಟ್ಟಿಯ ಮೇಲಿರುತ್ತವೆ. ಒಂದು ಹೋದರೆ ಮೂರನ್ನೂ ಬಿಚ್ಚಬೇಕು. ಬೆಳಿಗ್ಗೆ ರೈಲು ಹತ್ತಿ ಮಂಗಳೂರಿಗೆ ಹೋದೆ. ಅಂಗಡಿಯಲ್ಲಿ ಸಿಕ್ಕಿದ ಪಟ್ಟಿಯ ಸ್ಕ್ರೂ ತೂತು ನನ್ನ ಗಿಟಾರಿಗೆ ಹೊಂದಲಿಲ್ಲ. ಹಳೆ ತೂತಿಗೆ ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಹೊಸ ತೂತು ಕೊರೆಯಬೇಕು, ಅಂಟು ಒಣಗಲು ಒಂದು ದಿನ. ಮದರಂಗಿಗೆ ಐದೇ ತಂತಿಯಲ್ಲಿ ಬಾರಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಮ್ಮ ಹಾಡಿನ ನಡುವೆಯೇ, "ಒಂದು ಬಳ್ಳಿ ಕಮ್ಮಿ ಉಂಟಲ್ವಾ ಇವಂದು?" ಅಂತ ಪಕ್ಕದವರನ್ನು ಕೇಳಿದರು. ಮೈಕಿನಲ್ಲಿ ಕೇಳಿಸಿತು.

ಈಗ ನಿಮ್ಮ ಪ್ರಶ್ನೆಗೆ. ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ. ನಿಮ್ಮ ಒಂದು ಗಂಟೆ ಹೋಗುತ್ತಿರುವುದು ಕೈ ನಿಧಾನ ಅಂತ ಅಲ್ಲ. ತಂತಿಯನ್ನು ಉದ್ದ ಬಿಟ್ಟು ಎಂಟು-ಹತ್ತು ಸುತ್ತು ಸುತ್ತುತ್ತಿದ್ದೀರಿ ಅಂತ ನನ್ನ ಅಂದಾಜು. ಹತ್ತು ಸುತ್ತಿಗೆ ಕೀ 140 ಸಲ ತಿರುಗಬೇಕು. ತಂತಿಯನ್ನು ಕಂಬದ ತೂತಿನಿಂದ ಬಿಗಿಯಾಗಿ ಎಳೆದು, ಅಲ್ಲಿಂದ ಐದಾರು ಸೆಂಟಿಮೀಟರ್ ಮಾತ್ರ ಹಿಂದಕ್ಕೆ ಬಿಡಿ. ಕಂಬದ ಸುತ್ತಳತೆ ಎರಡು ಸೆಂಟಿಮೀಟರಿನ ಹತ್ತಿರ, ಹಾಗಾಗಿ ಮೂರು ಸುತ್ತು ಬರುತ್ತದೆ. ದಪ್ಪ ತಂತಿಗೆ ಅಷ್ಟು ಸಾಕು. ತೆಳು ತಂತಿಗೆ ಒಂದೆರಡು ಸುತ್ತು ಜಾಸ್ತಿ ಕೊಡಿ. ಮೂರು ಸುತ್ತು ಅಂದರೆ ಕೀಗೆ 42 ಸುತ್ತು, ಹಿಡಿಕೆ ಇರುವ ಪ್ಲಾಸ್ಟಿಕ್ ವೈಂಡರಿನಲ್ಲಿ ಅರ್ಧ ನಿಮಿಷ. ಆರೂ ತಂತಿ ಸೇರಿ ನಾಲ್ಕು ನಿಮಿಷ ದಾಟುವುದಿಲ್ಲ. ಬ್ಯಾಟರಿಯದ್ದು ಅದರಲ್ಲಿ ಎಷ್ಟು ಉಳಿಸೀತು? ಉಳಿದ ಸಮಯ ಹಳೆ ತಂತಿ ಬಿಚ್ಚುವುದು, ಮರ ಒರೆಸುವುದು, ಹೊಸ ತಂತಿಯನ್ನು ಮೆಲ್ಲ ಎಳೆದೆಳೆದು ಮೂರ್ನಾಲ್ಕು ಸಲ ಶ್ರುತಿ ಮಾಡುವುದು. ಅದಕ್ಕೆ ಯಾವ ಮಿಷನ್ನೂ ಇಲ್ಲ.

ನಮ್ಮದು ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು. ಪಕ್ಕದ ಮನೆಯ ಚೆಂಡೆಯವರು ಹಗ್ಗ ಬಿಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಳೆಯುತ್ತಾರೆ, ಒಂದು ಪೆಟ್ಟು ಹಾಕಿ ಕೇಳುತ್ತಾರೆ, ಮತ್ತೆ ಎಳೆಯುತ್ತಾರೆ. ಆ ರಾತ್ರಿ ಅದು ನೆನಪಾಗಿದ್ದರೆ ರೈಲಿನ ದುಡ್ಡು ಉಳಿಯುತ್ತಿತ್ತು.

ಹನ್ನೆರಡು ತಂತಿಯ ಗಿಟಾರ್ ಇದ್ದರೆ, ಇಲ್ಲವೇ ದಿನಕ್ಕೆ ಹತ್ತು ಗಿಟಾರ್ ಬರುವ ರಿಪೇರಿ ಅಂಗಡಿ ಇದ್ದರೆ ಬ್ಯಾಟರಿ ವೈಂಡರ್ ತಗೊಳ್ಳಿ. ಆಗಲೂ ತಂತಿಯ ಜೋತು ಹೋಗುವ ತನಕ ಮಾತ್ರ, ಮುಂದಿನದ್ದು ಕೈಯಲ್ಲಿ. ನಿಮಗಾದರೆ ಕೈಯದ್ದೇ ಸಾಕು. ತಂತಿಯ ಬುಡ ಹಿಡಿದಿಡುವ ಪಿನ್ ಕೀಳಲು ತುದಿಯಲ್ಲಿ ಸಣ್ಣ ಕಚ್ಚು ಇರುವುದನ್ನೇ ನೋಡಿ ತಗೊಳ್ಳಿ. ಅದಕ್ಕೂ ಪಿನ್ ಬರದಿದ್ದರೆ ಇಕ್ಕಳ ಹಾಕಬೇಡಿ, ಪಿನ್ನಿನ ತಲೆ ಮುರಿಯುತ್ತದೆ. ತಂತಿ ಪೂರ್ತಿ ಸಡಿಲ ಮಾಡಿ, ಗಿಟಾರಿನ ಹೊಟ್ಟೆಯೊಳಗೆ ಕೈ ಹಾಕಿ, ಒಂದು ನಾಣ್ಯದಲ್ಲಿ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ. ಟಪ್ ಅಂತ ಬರುತ್ತದೆ.