ಓದುಗರ ಪ್ರಶ್ನೆ: ಪರದೆಯ ಪರ್ಸಿಯಸ್, ಬೀದಿಯ ಫಲಕ

ಪ್ರಶ್ನೆ: 'ಕ್ಲ್ಯಾಶ್ ಆಫ್ ದಿ ಟೈಟಾನ್ಸ್' (1981) ಚಿತ್ರದ ಕ್ರಾಕನ್ ಗ್ರೀಕ್ ಪುರಾಣದ್ದೇ?

ಉತ್ತರ: ಅಲ್ಲ, ಅದು ನಾರ್ವೆ ಕಡೆಯ ಕಡಲಕಥೆಗಳ ಪ್ರಾಣಿ. ಪುರಾಣದಲ್ಲಿ ರಾಜಕುಮಾರಿ ಆಂಡ್ರೊಮಿಡಾಳನ್ನು ನುಂಗಲು ಬಂದದ್ದು ಕೀಟಸ್ ಎಂಬ ಕಡಲ ಭೂತ. ಅವಳನ್ನು ಕಾಪಾಡಿದ ವೀರ ಪರ್ಸಿಯಸ್ ಹಾರಿದ್ದು ರೆಕ್ಕೆಯ ಪಾದುಕೆ ತೊಟ್ಟು. ರೆಕ್ಕೆಯ ಕುದುರೆ ಪೆಗಾಸಸ್ ಬೆಲ್ಲರೊಫೋನ್ ಎಂಬ ಇನ್ನೊಬ್ಬ ವೀರನದು. ತಲೆಗೂದಲೇ ಹಾವಾಗಿದ್ದ ಮೆಡೂಸಾಗೆ ಹಾವಿನ ಮೈ, ಗಿಲಿಗಿಲಿ ಸದ್ದಿನ ಬಾಲ ಕೊಟ್ಟವರು ಚಿತ್ರದಲ್ಲಿ ಬೊಂಬೆಗಳಿಗೆ ಜೀವ ತುಂಬಿದ ಕಲಾವಿದ ರೇ ಹ್ಯಾರಿಹೌಸನ್. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ತಲೆಯ ಒಂದೊಂದು ಹಾವನ್ನೂ ಬೇರೆ ಬೇರೆಯಾಗಿ ಹೊರಳಿಸಬೇಕು. ಯಾವುದು ಎತ್ತ ತಿರುಗುತ್ತಿತ್ತು ಎಂಬುದು ಮರೆತರೆ ಚಲನೆ ತಟಕ್ಕನೆ ಕುಲುಕುತ್ತದೆ. ಆ ತಾಳ್ಮೆಗೆ ಕೈಮುಗಿಯಬೇಕು.

ಪ್ರಶ್ನೆ: 2010ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಮೇಳವಾದ ಕಾಮಿಕ್-ಕಾನ್ ಎದುರು, ದ್ವೇಷದ ಪ್ರತಿಭಟನೆಗಳಿಗೆ ಕುಖ್ಯಾತವಾದ ವೆಸ್ಟ್‌ಬರೊ ಚರ್ಚಿನವರು 'ಇದು ವಿಗ್ರಹಾರಾಧನೆ' ಎಂದು ದ್ವೇಷದ ಫಲಕ ಹಿಡಿದರಂತೆ. ಪೊಲೀಸರು ಯಾಕೆ ಎಬ್ಬಿಸಲಿಲ್ಲ?

ಉತ್ತರ: ಅಮೆರಿಕದಲ್ಲಿ ಸಾರ್ವಜನಿಕ ಜಾಗದಲ್ಲಿ ನಿಂತು ಸಾರ್ವಜನಿಕ ವಿಷಯ ಮಾತಾಡಿದರೆ, ಮಾತು ಎಷ್ಟೇ ಹೊಲಸಾಗಿದ್ದರೂ ಸಂವಿಧಾನದ ರಕ್ಷಣೆ ಇದೆ. ಸೈನಿಕನೊಬ್ಬನ ಅಂತ್ಯಕ್ರಿಯೆಗೆ ಸುಮಾರು 1,000 ಅಡಿ ದೂರದಲ್ಲಿ ಇವರು ನಿಂತಿದ್ದ ಪ್ರಕರಣದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಇವರ ಪರವೇ ತೀರ್ಪಿತ್ತಿತು. ಸಮಯ, ಜಾಗ, ವಿಧಾನಕ್ಕೆ ಮಾತ್ರ ಸರ್ಕಾರ ನಿಯಮ ಹಾಕಬಹುದು. ಎದುರು ನಿಂತು ನಾವೂ ಕೂಗಾಡಿದರೆ ಅವರಿಗೆ ಬೇಕಾದ ಪ್ರಚಾರ ಸಿಗುತ್ತದೆ. 1999ರಲ್ಲಿ ವಯೋಮಿಂಗ್ ರಾಜ್ಯದ ಲಾರಮಿ ಊರಿನಲ್ಲಿ ಗೆಳೆಯರ ಗುಂಪೊಂದು ಬಿಳಿ ಬಟ್ಟೆಯ ದೊಡ್ಡ ರೆಕ್ಕೆ ಕಟ್ಟಿಕೊಂಡು, ಇವರಿಗೆ ಬೆನ್ನು ಹಾಕಿ ಮೌನವಾಗಿ ನಿಂತಿತು. ಫಲಕಗಳು ರೆಕ್ಕೆಯ ಹಿಂದೆ ಮರೆಯಾದವು.